ಶನಿವಾರದ ಸಿಮ್ರೌನ್‌ಗಢ

ಬುಧವಾರ

ಸಿಕಂದರಾಬಾದಿನಲ್ಲಿ ಹತ್ತಿ ಎರಡು ರಾತ್ರಿ ಕಳೆದು ರಕ್ಸೌಲಿನಲ್ಲಿ ಇಳಿದಾಗ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಬಿಹಾರದ ಕೊನೆಯ ಸ್ಟೇಷನ್ ಅದು. ಹೊರಗೆ ಟಾಂಗಾಗಳ ಸಾಲು. ನಮ್ಮ ಬಸವಕಲ್ಯಾಣದಲ್ಲಿ ಟಾಂಗಾ ಮಾಯವಾಗಿ ಎಷ್ಟು ಕಾಲವಾಯಿತೋ, ಇಲ್ಲಿ ಕುದುರೆಗಳು ಗೋಣಿತಾಟು ಹೊದ್ದು, ಮೂಗಿನಿಂದ ಹೊಗೆಯಂಥ ಉಸಿರು ಬಿಡುತ್ತ ನಿಂತಿದ್ದವು. ಮಾಘ ಮಾಸದ ಮಂಜಿನಲ್ಲಿ ಹತ್ತು ಮಾರು ಆಚೆಗಿನದು ಕಾಣದು.

ಒಟ್ಟು ನಾಲ್ಕು ಜನ ನಾವು. ಡಾಕ್ಟರು, ಕಣ್ಣು ಪರೀಕ್ಷಿಸುವ ಹುಡುಗ, ಒಬ್ಬ ಟೆಕ್ನಿಷಿಯನ್, ಮತ್ತೆ ಥಿಯೇಟರ್ ನರ್ಸ್ ಆದ ನಾನು. ಡಾಕ್ಟರ ಜೊತೆ ಓದಿದ ನೇಪಾಳಿ ಗೆಳೆಯರೊಬ್ಬರು ಬಾರಾ ಜಿಲ್ಲೆಯಲ್ಲಿ ಪೊರೆ ತೆಗೆಯುವ ಶಿಬಿರ ಇಟ್ಟುಕೊಂಡು, "ಕೈ ಸಾಲುತ್ತಿಲ್ಲ, ಬನ್ನಿ" ಅಂದಿದ್ದರು. ರಜೆ ಹಾಕಿ, ಸ್ವಂತ ಟಿಕೆಟ್ ತೆಗೆದು ಬಂದೆವು. ಪರದೇಶ ಅನ್ನುವುದಕ್ಕೆ ನಾಚಿಕೆಯಾಗುವಷ್ಟು ಸಲೀಸಾದ ಪರದೇಶ. ನಮಗೆ ವೀಸಾ ಬೇಡ, ಗುರುತಿನ ಚೀಟಿ ಇದ್ದರಾಯಿತು. ಸಿರ್ಸಿಯಾ ನದಿಯ ಸೇತುವೆ ದಾಟಿ, ಶಂಕರಾಚಾರ್ಯ ದ್ವಾರದ ಕೆಳಗೆ ಹಾಯ್ದರೆ ಬೀರ್‌ಗಂಜ್, ಅಂದರೆ ನೇಪಾಳ. ಗಡಿಯಾರ ಹದಿನೈದು ನಿಮಿಷ ಮುಂದೆ ಇಟ್ಟುಕೊಂಡೆವು.

ಗಡಿಯಲ್ಲಿ ಪೆಟ್ಟಿಗೆ ತೆಗೆಸಿದರು. ಕತ್ತರಿ, ಚಿಮಟ, ಬ್ಲೇಡುಗಳಿಗೆ ಪತ್ರ ಇತ್ತು, ನೋಡಿ ಬಿಟ್ಟರು. ಪತ್ರ ಇಲ್ಲದೆ ಸಿಕ್ಕಿಬಿದ್ದದ್ದು ನನ್ನ ಶೇಂಗಾ ಚಟ್ನಿ ಪುಡಿ. ಅಧಿಕಾರಿ ಮೂಸಿ ನೋಡಿ, ಸೀನಿ, ಕೈ ಬೀಸಿ ಹೋಗಿ ಅಂದ. ಖಡಕ್ ರೊಟ್ಟಿಯ ಗಂಟನ್ನು ಮುಟ್ಟಲೂ ಇಲ್ಲ.

ಗುರುವಾರ

ಕಲೈಯಾ ಹತ್ತಿರದ ಶಾಲೆಯೊಂದರಲ್ಲಿ ಶಿಬಿರ. ಆರು ಗಂಟೆಗೆ ಬಾಗಿಲು ತೆಗೆದಾಗಲೇ ಅಂಗಳದ ತುಂಬ ಕಂಬಳಿ ಹೊದ್ದ ಮುದುಕರು. ಭತ್ತದ ಹುಲ್ಲಿಗೆ ಬೆಂಕಿ ಹಾಕಿ ಸುತ್ತ ಕೂತಿದ್ದರು. ತೆರಾಯಿಯ, ಅಂದರೆ ಹಿಮಾಲಯದ ಬುಡದ ಈ ಬಯಲಿನ, ಚಳಿ ಥರ್ಮಾಮೀಟರಿನಲ್ಲಿ ಅಷ್ಟೇನೂ ತೋರಿಸದು, ಬಿಸಿಲು ಕಾಣದ ದಿನಗಳು ಒಂದರ ಹಿಂದೊಂದು ಬರುವುದರಿಂದ ಎಲುಬಿಗೇ ಇಳಿಯುತ್ತದೆ.

ಭಾಷೆಗೆ ನಾನು ಹೆದರಿರಲಿಲ್ಲ. ಬೀದರ್ ಕಡೆ ಹುಟ್ಟಿದವರಿಗೆ ಹಿಂದಿ, ಉರ್ದು ಎರಡೂ ನಾಲಿಗೆಯಲ್ಲೇ ಇರುತ್ತವೆ. ಆದರೆ ಇಲ್ಲಿನವರು ಆಡುವುದು ಭೋಜಪುರಿ. ಮೊದಲ ಒಂದು ಗಂಟೆ ನನ್ನ ಹಿಂದಿ ಕೇಳಿ ಅವರೂ, ಅವರ ಭೋಜಪುರಿ ಕೇಳಿ ನಾನೂ ತಲೆಯಾಡಿಸಿದ್ದೇ ಬಂತು. ಶಾಲೆಯ ಮೇಷ್ಟ್ರೊಬ್ಬರು ಪಕ್ಕದಲ್ಲಿ ಕೂತು ಮೂರು ಮಾತು ಕಲಿಸಿಕೊಟ್ಟರು. "ನೀಚೇ ತಾಕೀಂ" ಅಂದರೆ ಕೆಳಗೆ ನೋಡಿ. "ಲೌಕತಾ?" ಅಂದರೆ ಕಾಣಿಸುತ್ತಿದೆಯಾ. ಮೂರನೆಯದು "ಕೈ ಗೋ?", ಎಷ್ಟು ಅಂತ. ಬೆರಳು ಎಣಿಸುವ ಪರೀಕ್ಷೆಯಲ್ಲಿ ಕೈ ಎತ್ತಿ "ಕೈ ಗೋ?" ಎಂದು ಕೇಳುವಾಗ ನನಗೆ ಒಳಗೊಳಗೇ ನಗು. ಇಷ್ಟು ಸರಿಯಾಗಿ ಕೂತ ಮಾತನ್ನು ಯಾರೂ ಉದ್ದೇಶಪಟ್ಟು ಮಾಡಲಾರರು.

ವಯಸ್ಸು ಬರೆಯುವುದು ಇನ್ನೊಂದು ಕಥೆ. ಚೀಟಿಯಲ್ಲಿ ತಾರೀಖು ವಿಕ್ರಮ ಸಂವತ್ ಲೆಕ್ಕದ್ದು, ನಮ್ಮ ಇಸವಿಗಿಂತ ಐವತ್ತಾರೋ ಐವತ್ತೇಳೋ ಹೆಚ್ಚು. ಒಬ್ಬ ಬಾಬಾ, "ನಬ್ಬೇ ಸಾಲಿನ ಭೂಕಂಪದಲ್ಲಿ ನಾನು ತಾಯಿಯ ಕಂಕುಳಲ್ಲಿದ್ದೆ" ಅಂದರು. ಅದು ಸಂವತ್ 1990ರ ಮಾಘ, ನಮ್ಮ ಲೆಕ್ಕಕ್ಕೆ 1934ರ ಜನವರಿ 15. ನೇಪಾಳವನ್ನೂ ಬಿಹಾರವನ್ನೂ ಒಟ್ಟಿಗೆ ಕೆಡವಿದ ಭೂಕಂಪ. ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿ ವಯಸ್ಸು ಬರೆದರು. ಬಾಬಾರ ಎರಡೂ ಕಣ್ಣು ಬೇಯಿಸಿದ ಮೊಟ್ಟೆಯಂತೆ ಬೆಳ್ಳಗೆ.

ಊಟಕ್ಕೆ ಎರಡು ಹೊತ್ತೂ ದಾಲ್, ಅನ್ನ, ತರಕಾರಿ. ಚಟ್ನಿ ಪುಡಿಯ ಡಬ್ಬಿ ಮೊದಲ ದಿನವೇ ಅರ್ಧ ಖಾಲಿ. ಅದರಲ್ಲಿ ನನ್ನ ಪಾಲು ಕಡಿಮೆ.

ಶುಕ್ರವಾರ

ಐದನೇ ಕ್ಲಾಸಿನ ಕೋಣೆ ನಮ್ಮ ಥಿಯೇಟರ್. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಬಡಿದು, ನೆಲ, ಗೋಡೆ ಎಲ್ಲ ತೊಳೆದಿದ್ದರೂ ಕರಿಹಲಗೆಯ ಮೇಲಿನ ಗುಣಾಕಾರ ಯಾರೋ ಅಳಿಸಲು ಮರೆತು ಹಾಗೇ ಉಳಿದಿತ್ತು. ಎರಡು ಟೇಬಲ್, ಒಂದು ಮೈಕ್ರೋಸ್ಕೋಪ್. ಒಂದರ ಮೇಲೆ ಡಾಕ್ಟರು ಆಪರೇಷನ್ ಮಾಡುವಾಗ ಇನ್ನೊಂದರ ಮೇಲೆ ನಾನು ಮುಂದಿನವರನ್ನು ಮಲಗಿಸಿ, ಅಯೋಡಿನ್ ಹಾಕಿ, ಬಟ್ಟೆ ಹೊದಿಸಿ ಸಿದ್ಧ ಇಡಬೇಕು. ಯಾವ ಕಣ್ಣು ಅನ್ನುವುದನ್ನು ಹುಬ್ಬಿನ ಮೇಲೆ ಮಸಿಯಲ್ಲಿ ಗುರುತು ಮಾಡಿರುತ್ತದೆ. ಆದರೂ ಪ್ರತಿ ಸಲ ಚೀಟಿ, ಹುಬ್ಬು, ರೋಗಿಯ ಬಾಯಿ, ಮೂರೂ ಒಂದೇ ಹೇಳಬೇಕು. ಈ ಒಂದು ವಿಷಯದಲ್ಲಿ ನಾನು ರಾಕ್ಷಸಿ.

ಪೊರೆ ಬಲಿತು ಕಲ್ಲಾದ ಕಣ್ಣುಗಳೇ ಹೆಚ್ಚು. ಬಿಳಿಗುಡ್ಡೆಯಲ್ಲಿ ಸಣ್ಣ ಸುರಂಗ ಕೊರೆದು, ಒಳಗಿನ ಪೊರೆಯನ್ನು ಇಡಿಯಾಗಿ ಜಾರಿಸಿ ತೆಗೆದು, ಅದೇ ದಾರಿಯಲ್ಲಿ ಲೆನ್ಸ್ ಕೂರಿಸುವುದು. ಸುರಂಗ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಕಿಲ್ಲ. ದುಬಾರಿ ಯಂತ್ರವೂ ಬೇಕಿಲ್ಲದ್ದರಿಂದ ಇಂಥ ಶಾಲೆಗಳಲ್ಲೂ ನಡೆಯುತ್ತದೆ. ನೇಪಾಳದಲ್ಲಿ ಈ ವಿಧಾನವನ್ನು ಬೆಟ್ಟಬೆಟ್ಟಕ್ಕೆ ಒಯ್ದವರು ಡಾ. ಸಂದುಕ್ ರುಯಿತ್. 1994ರಲ್ಲಿ ಕಠ್ಮಂಡುವಿನಲ್ಲಿ ಶುರುವಾದ ಅವರ ತಿಲಗಂಗಾ ಕೇಂದ್ರ ಲೆನ್ಸನ್ನೂ ತಾನೇ ತಯಾರಿಸಿ ಅಗ್ಗ ಮಾಡಿತು.

ನನ್ನ ಅಜ್ಜಿಗೆ ಈ ಭಾಗ್ಯ ಇರಲಿಲ್ಲ. ಆಕೆಯ ಕಣ್ಣು ಆದದ್ದು "ಕಣ್ಣು ಕೊಟ್ಟ ಅಣ್ಣ" ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ. ಆಗ ಪೊರೆ ತೆಗೆಯುತ್ತಿದ್ದರು, ಒಳಗೆ ಲೆನ್ಸ್ ಹಾಕುವ ಕಾಲ ಬಂದಿರಲಿಲ್ಲ. ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟು ಕಳಿಸಿದ್ದರು. ಅದನ್ನು ಹಾಕಿಕೊಂಡ ಅಜ್ಜಿಯ ಕಣ್ಣು ನಮಗೆ ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ಮಕ್ಕಳು ಹೆದರಿ ಓಡುತ್ತಿದ್ದೆವು. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಆ ಕನ್ನಡಕವೂ ಒಂದು ಕಾರಣ ಅಂತ ಯಾರಾದರೂ ಕೇಳಿದರೆ ಹೇಳುತ್ತೇನೆ, ಪೂರ್ತಿ ನಿಜವಲ್ಲ.

ಮಧ್ಯಾಹ್ನ ಕರೆಂಟ್ ಹೋಗಿ, ಜನರೇಟರು ಕೆಮ್ಮಿ ನಿಂತು, ಒಂದು ಗಂಟೆ ಕೂತೆವು. ಆಗ ಟೇಬಲ್ ಮೇಲಿದ್ದದ್ದು ಒಬ್ಬ ಮುದುಕಿ. ಅರಿವಳಿಕೆ ಇನ್ನೂ ಕೊಟ್ಟಿರಲಿಲ್ಲ, ಪುಣ್ಯ. ಇಲ್ಲಿ ಅಜ್ಜಿಗೆ ಆಜಿ ಅನ್ನುತ್ತಾರೆ, ನಾನೂ ಆಜಿ ಅಂದೆ. ಮುಖದ ಮೇಲಿನ ಬಟ್ಟೆಯೊಳಗಿಂದಲೇ ವಿಚಾರಣೆ ಶುರುವಾಯಿತು. ಮದುವೆ ಆಗಿದೆಯಾ, ಮಕ್ಕಳೆಷ್ಟು, ಗಂಡ ಬಿಟ್ಟು ಹೇಗೆ ಬಂದೆ, ಯಾವ ಮುಲುಕು.

ಕರ್ನಾಟಕ ಅಂದೆ.

ಬಾಗಿಲ ಹೊರಗೆ ಕೂತಿದ್ದ ಮೇಷ್ಟ್ರು ಒಳಗೆ ಇಣುಕಿದರು. "ಕರ್ನಾಟ್? ಆಜಿ ಸಿಮ್ರೌನ್‌ಗಢದವರು. ಅಲ್ಲಿ ಆಳಿದ ರಾಜರು ನಿಮ್ಮವರೇ ಅಲ್ಲವೇ!"

ಶಾಲೆಯಲ್ಲಿ ಓದಿದ ಯಾವ ಪಾಠದಲ್ಲೂ ನನಗೆ ಈ ಹೆಸರು ಸಿಕ್ಕಿರಲಿಲ್ಲ. ರಾತ್ರಿ ಮೇಷ್ಟ್ರು ಕಾಗದದ ಮೇಲೆ ಬರೆದು ವಿವರಿಸಿದರು. 1097ರಲ್ಲಿ ನಾನ್ಯದೇವ ಎಂಬವನು ಇಲ್ಲಿ ರಾಜಧಾನಿ ಕಟ್ಟಿದ. ತಮ್ಮನ್ನು ಕರ್ಣಾಟ ಕುಲದವರು ಎಂದೇ ಕರೆದುಕೊಂಡ ಆ ವಂಶ ಮಿಥಿಲೆಯನ್ನು ಇನ್ನೂರಕ್ಕೂ ಹೆಚ್ಚು ವರ್ಷ ಆಳಿತು. ಚಾಲುಕ್ಯರ ದಂಡು ಉತ್ತರಕ್ಕೆ ಬಂದಾಗ ಜೊತೆಗೆ ಬಂದು ಇಲ್ಲೇ ನಿಂತವರ ಕುಲ ಎಂದು ಇತಿಹಾಸಕಾರರು ಹೇಳುತ್ತಾರೆ. 1097 ಅಂದರೆ ನಮ್ಮೂರಿನಲ್ಲಿ ಆರನೆಯ ವಿಕ್ರಮಾದಿತ್ಯ ಪಟ್ಟದಲ್ಲಿದ್ದ ಕಾಲ. ನಮ್ಮೂರು ಕಲ್ಯಾಣ, ಅವನ ರಾಜಧಾನಿ.

"ನಾಳೆ ಶನಿವಾರ, ನೇಪಾಳಕ್ಕೆಲ್ಲ ವಾರದ ರಜೆ" ಅಂದರು ಡಾಕ್ಟರು. "ಸಿಸ್ಟರ್, ಪಟ್ಟಿ ಬಿಚ್ಚಿದ ಮ್ಯಾಲ ನಿಮಗ ಬಿಡುವು. ಎಲ್ಲಿಗರ ಹೋಗ್ರಿ, ಇಲ್ಲಾಂದ್ರ ಮಲ್ಕೋರಿ."

ಶನಿವಾರ

ಬೆಳಿಗ್ಗೆ ಏಳಕ್ಕೆ ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ ಪಟ್ಟಿ ಬಿಚ್ಚಿದೆವು. ಫೋಟೋಗಳಲ್ಲಿ ಈ ಹೊತ್ತಿಗೆ ಎಲ್ಲರೂ ಅಳುತ್ತಿರುತ್ತಾರೆ, ಇಲ್ಲವೇ ಕುಣಿಯುತ್ತಿರುತ್ತಾರೆ. ನಾನು ಕಂಡಂತೆ ಬಹಳ ಜನ ಮೊದಲು ಸುಮ್ಮನಿರುತ್ತಾರೆ. ಆಮೇಲೆ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ.

ಆಜಿ ಅಂಗೈ ನೋಡಿಕೊಳ್ಳಲಿಲ್ಲ, ನನ್ನನ್ನು ನೋಡಿದಳು. ಕಣ್ಣು ಕಿರಿದು ಮಾಡಿ, ಮೇಲಿಂದ ಕೆಳಗೆ. "ಏ ಬಬುನೀ, ತೂ ತ ಬೂಢ ಬಾಡೂ!" ಸಾಲಿಗೆ ಸಾಲೇ ನಕ್ಕಿತು. ದನಿ ಕೇಳಿ ಹುಡುಗಿ ಅಂದುಕೊಂಡಿದ್ದಳಂತೆ, ನೋಡಿದರೆ ತಲೆ ನರೆತಿದೆ.

ಉಳಿದವರು ಗಂಟಾಘರ್ ನೋಡಿ ಸ್ವೆಟರ್ ಕೊಳ್ಳಲು ಬೀರ್‌ಗಂಜಿಗೆ ಹೋದರು. ರೋಗಿಗಳನ್ನು ಊರಿಗೆ ಮುಟ್ಟಿಸುವ ಬೊಲೆರೊದಲ್ಲಿ ಆಜಿ, ಮೇಷ್ಟ್ರು, ಇನ್ನಿಬ್ಬರು ಮುದುಕರ ಜೊತೆ ನಾನು ತೂರಿಕೊಂಡೆ. ಮಂಜು ಕರಗಿತ್ತು. ಎರಡೂ ಕಡೆ ಸಾಸಿವೆ ಹೂ, ಅದರಾಚೆ ಕಬ್ಬು, ಇಟ್ಟಿಗೆ ಭಟ್ಟಿಗಳ ಚಿಮಣಿ. ಕರಿ ಕನ್ನಡಕದ ಹಿಂದಿನಿಂದ ಆಜಿ ಒಂದೊಂದಕ್ಕೂ ಷರಾ ಬರೆಯುತ್ತಿದ್ದಳು. ಈ ಮನೆ ಯಾವಾಗ ಎದ್ದಿತು, ಆ ಮಾವಿನ ಮರ ಯಾರು ಕಡಿದರು, ರಸ್ತೆ ಇಷ್ಟು ಕೆಟ್ಟದ್ದು ಯಾಕೆ. ಮೂರು ವರ್ಷದ ಬಾಕಿ ತೀರಿಸಿಕೊಳ್ಳುವ ಹಾಗೆ. ಬರಿಯಾರ್‌ಪುರದಲ್ಲಿ ಗಢಿಮಾಈ ಗುಡಿ ಬಂತು. ಐದು ವರ್ಷಕ್ಕೊಮ್ಮೆ ಸಾವಿರಾರು ಕೋಣ ಕಡಿಯುವ ಜಾತ್ರೆಯ ಗುಡಿ ಅದು. ಇಂದು ಬಯಲು ಖಾಲಿ, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆಜಿ ಕೈ ಮುಗಿದಳು, ನಾನು ಕಿಟಕಿಯಾಚೆ ನೋಡಿದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಕೋಣ ಬಿದ್ದದ್ದನ್ನು ಕಂಡವಳು ನಾನು, ಇನ್ನೊಬ್ಬರ ದೇವರಿಗೆ ಬುದ್ಧಿ ಹೇಳುವ ಹಕ್ಕಿಲ್ಲ.

ಗಂಟೆಯ ಮೇಲೆ ಹಿಡಿಯಿತು. ಒಂದು ಕಡೆ ರಸ್ತೆ ಸಣ್ಣಗೆ ಏರಿ ಇಳಿಯಿತು. ಆ ಸಪಾಟು ನೆಲದಲ್ಲಿ ದಿಣ್ಣೆ ಎಲ್ಲಿಂದ ಬರಬೇಕು? "ಇದೇ ಕೋಟೆ" ಅಂದರು ಮೇಷ್ಟ್ರು. ಗಾಡಿ ನಿಲ್ಲಿಸಿ ಹತ್ತಿದೆ. ಮಣ್ಣಿನ ಉದ್ದನೆಯ ಒಡ್ಡು, ಮೇಲೆ ಹುಲ್ಲು, ಒಂದು ಕರು, ಪಕ್ಕದ ಕಂದಕದಲ್ಲಿ ಗದ್ದೆ. ಉತ್ತರದಿಂದ ದಕ್ಷಿಣಕ್ಕೆ ಏಳು ಕಿಲೋಮೀಟರಿಗೂ ಹೆಚ್ಚು ಹೀಗೇ ಹೋಗುತ್ತದೆ, ದಕ್ಷಿಣದ ತುದಿ ಬಿಹಾರದ ಗಡಿಯ ಹತ್ತಿರಕ್ಕೆ. 13ನೇ ಶತಮಾನದಲ್ಲಿ ಈ ದಾರಿಯಲ್ಲಿ ಬಂದ ಟಿಬೆಟ್ಟಿನ ಯಾತ್ರಿಕ ಭಿಕ್ಷು ಧರ್ಮಸ್ವಾಮಿ ಸುತ್ತುಗೋಡೆ, ಕಂದಕಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. 1990ರ ದಶಕದಲ್ಲಿ ಇಟಲಿಯವರು ಇಲ್ಲಿ ಅಗೆದು ನೋಡಿದರು. ಬಸವಕಲ್ಯಾಣದ ಕಲ್ಲಿನ ಕೋಟೆಯಲ್ಲಿ ಆಡಿ ಬೆಳೆದ ನನಗೆ ಕೋಟೆ ಅಂದರೆ ಕಲ್ಲು. ಇಲ್ಲಿ ಕಲ್ಲು ಎಲ್ಲಿಂದ ತರುವುದು? ಮಣ್ಣು, ಸುಟ್ಟ ಇಟ್ಟಿಗೆ, ನೀರು, ಇಷ್ಟರಲ್ಲೇ ಕಟ್ಟಿದ್ದಾರೆ.

ಕಂಕಾಲಿ ಮಾಈ ಗುಡಿಯ ಅಂಗಳದಲ್ಲಿ ಮೇಷ್ಟ್ರು ಶ್ಲೋಕ ಹೇಳಿದರು. ನಾನ್ಯದೇವ ಊರಿಗೆ ಬುನಾದಿ ಹಾಕಿದ ದಿನದ್ದು ಎಂದು ಇಲ್ಲಿ ಬಾಯಿಂದ ಬಾಯಿಗೆ ಬಂದದ್ದು. "ನಂದೇಂದು ಬಿಂದು ವಿಧು" ಎಂದು ಶುರು. ನಂದ ಒಂಬತ್ತು, ಇಂದು ಒಂದು, ಬಿಂದು ಸೊನ್ನೆ, ವಿಧು ಮತ್ತೆ ಒಂದು. ಹಿಂದುಮುಂದಾಗಿ ಓದಿದರೆ ಶಕ 1019, ನಮ್ಮ 1097. ಶ್ರಾವಣ ಶುಕ್ಲ ಪಕ್ಷ, ಸ್ವಾತಿ ನಕ್ಷತ್ರ, ಶನೈಶ್ಚರ ದಿನ.

"ಶನಿವಾರ!" ಅಂದೆ.

"ರಜೆ ಇತ್ತೇನೋ" ಅಂದರು ಮೇಷ್ಟ್ರು.

ಗುಡಿಯ ಸುತ್ತಮುತ್ತ, ಮರದ ಬುಡದಲ್ಲಿ, ಕಟ್ಟೆಯಲ್ಲಿ ಮೂರ್ತಿಗಳು. ಹೊಲ ಉಳುವಾಗ, ಕೆರೆ ಹೂಳೆತ್ತುವಾಗ ಸಿಕ್ಕವನ್ನು ತಂದು ಇಟ್ಟಿದ್ದಾರೆ. ಮೂಗಿಲ್ಲದ ವಿಷ್ಣು, ಸಿಂಧೂರದಲ್ಲಿ ಮುಳುಗಿ ಗುರುತೇ ಸಿಗದ ದೇವಿ. ಕರಿಕಲ್ಲು ಕಂಡ ಕೂಡಲೇ ನನ್ನ ಎದೆ ಹೊಡೆದುಕೊಂಡಿತು. ಹತ್ತಿರ ಹೋಗಿ ನೋಡಿದರೆ ನಮ್ಮದಲ್ಲ. ನಮ್ಮ ಬೀದರ್ ಕಡೆಯ ಜಲಸಂಗಿ ಗುಡಿಯ ಶಿಲ್ಪದ ಹೆಣ್ಣುಗಳ ಬಳುಕು ಇವಕ್ಕಿಲ್ಲ. ನೆಟ್ಟಗೆ ನಿಂತ ಮೈ, ಹಿಂದೆ ಎತ್ತರದ ಚೂಪು ಪ್ರಭಾವಳಿ, ಬಂಗಾಳ-ಬಿಹಾರದ ಕೈ. ಪೀಠಗಳ ಕೆಳಗೆ ಬಗ್ಗಿ ಬಗ್ಗಿ ಒಂದು ಕನ್ನಡ ಅಕ್ಷರ ಇದೆಯೋ ಎಂದು ಹುಡುಕಿದೆ. ಮೊಬೈಲಿನ ಟಾರ್ಚ್ ಹಾಕಿ ಹುಡುಕಿದೆ. ಇರಲಿಲ್ಲ. ಎರಡು ತಲೆಮಾರು ಹೊರಗಿದ್ದರೆ ಸಾಕು, ಭಾಷೆ ಮರೆತು ಹೆಸರು ಮಾತ್ರ ಉಳಿಯುತ್ತದೆ. ಪುಣೆಯಲ್ಲಿರುವ ನನ್ನ ಅಕ್ಕನ ಮೊಮ್ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ. ಬಂಗಾಳವನ್ನಾಳಿದ ಸೇನರೂ ತಮ್ಮನ್ನು ಕರ್ಣಾಟ ಕ್ಷತ್ರಿಯರು ಎಂದು ಬರೆಸಿಕೊಂಡವರೇ. ಅವರ ವಿಜಯಸೇನ ಇದೇ ನಾನ್ಯನನ್ನು ಸೋಲಿಸಿದೆ ಅಂತ ಶಾಸನ ಹಾಕಿಸಿದ. ಅಷ್ಟು ದೂರ ಬಂದೂ ಅಣ್ಣತಮ್ಮಂದಿರ ಜಗಳ ಬಿಡಲಿಲ್ಲ ನೋಡಿ.

ಕೊನೆಯ ಅರಸು ಹರಿಸಿಂಹದೇವ. ಬಂಗಾಳದಿಂದ ದಿಲ್ಲಿಗೆ ಮರಳುತ್ತಿದ್ದ ಘಿಯಾಸುದ್ದೀನ್ ತುಘಲಕನ ದಂಡು 1324ರ ಸುಮಾರಿಗೆ ಊರು ಹಾಳು ಮಾಡಿತು. ಅರಸು ಬೆಟ್ಟದ ಕಡೆ ಓಡಿದ. ಅವನ ಮನೆತನದ ಜೊತೆಗೆ ಹೋದ ತಲೇಜು ದೇವಿಯೇ ಆಮೇಲೆ ಕಠ್ಮಂಡು ಕಣಿವೆಯ ಮಲ್ಲ ರಾಜರ ಕುಲದೇವತೆಯಾದಳು ಎಂದು ಐತಿಹ್ಯ. ಮೂರು ವರ್ಷದೊಳಗೆ ಅದೇ ತುಘಲಕರ ದಂಡು ನಮ್ಮ ಕಂಪಿಲಿಯನ್ನೂ ಮುಗಿಸಿತ್ತು.

ಇದನ್ನೆಲ್ಲ ಮೇಷ್ಟ್ರು ಹೇಳಿ ಮುಗಿಸುವ ತನಕ ಆಜಿ ಗಾಡಿಯಲ್ಲೇ ಕೂತು ಹಾರ್ನ್ ಒತ್ತಿಸುತ್ತಿದ್ದಳು. ಊಟದ ಹೊತ್ತು.

ಆಕೆಯ ಮನೆ ಇಸ್ರಾ ಪೋಖರಿಯ ಕಡೆಗೆ. ಪೋಖರಿ ಅಂದರೆ ಕೊಳ, ಆದರೆ ಇದು ಕೆರೆಯಷ್ಟು ದೊಡ್ಡದು, ಕರ್ಣಾಟರ ಕಾಲದ್ದು ಅನ್ನುತ್ತಾರೆ. ಮನೆಯ ಮೆಟ್ಟಿಲಿಗೆ ಇಟ್ಟಿದ್ದ ಕಲ್ಲಿನ ಅಂಚಿನಲ್ಲಿ ಹೂಬಳ್ಳಿಯ ಕೆತ್ತನೆ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಆಜಿ ಅದನ್ನು ತೋರಿಸಲು ಬಗ್ಗಿದಾಗ ಗದರಿದೆ. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಒಲೆಯ ಹೊಗೆಗೆ ಹೋಗಬಾರದು, ದಿನಕ್ಕೆ ಆರು ಸಲ ಹನಿ. ಹನಿ ಹಾಕುವುದನ್ನು ಸೊಸೆಗೆ ಹೇಳಿಕೊಟ್ಟೆ. ಐವತ್ತರ ಆಸುಪಾಸಿನ ಹೆಂಗಸು, ಮೂಗಿನ ತನಕ ಸೆರಗು. ಬಾಟಲಿಯನ್ನು ಮುಖ ಓರೆ ಮಾಡಿ ನೋಡಿದಳು. ಹೊಸಬರೆದುರು ಸಂಕೋಚ ಅಂದುಕೊಂಡೆ.

ಊಟಕ್ಕೆ ದಹೀ-ಚ್ಯೂರಾ, ಅಂದರೆ ನಮ್ಮ ಮೊಸರವಲಕ್ಕಿಯೇ, ಮೇಲೆ ಬೆಲ್ಲ. ಸಂಕ್ರಾಂತಿಯ ಎಳ್ಳುಂಡೆ ಎರಡು ಉಳಿದಿದ್ದವು, ಅವೂ ಬಂದವು. ಮೂರು ದಿನದಿಂದ ದಾಲ್ ತಿಂದ ನಾಲಿಗೆಗೆ ಮನೆ ಸೇರಿದಂತಾಯಿತು. ಸೊಸೆ ನೀರು ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಚೆಲ್ಲಿದಳು. ಆಜಿ ತಟಕ್ಕನೆ ತಿರುಗಿ ನೋಡಿದಳು. ನಾನು ಮೇಷ್ಟ್ರಿಗೆ ಆ ಮೆಟ್ಟಿಲುಗಲ್ಲು ಯಾವ ಕಾಲದ್ದಿರಬಹುದು ಎಂದು ಕೇಳುತ್ತಿದ್ದೆ.

ಹೊರಡುವಾಗ ಕೊಳದ ದಂಡೆಗೆ ಕರೆದೊಯ್ದರು. ಅಂಚಿನುದ್ದಕ್ಕೂ ಅಂತರಗಂಗೆ ಹಬ್ಬಿತ್ತು. ಕಂಡದ್ದೇ ಆಜಿ ಬೈಗುಳ ಸುರುಮಾಡಿದಳು. ಯಾರಿಗೆ ಎಂದು ತಿಳಿಯಲಿಲ್ಲ, ಬಹುಶಃ ಊರಿಗೆಲ್ಲ. ಛಠ್ ಹಬ್ಬಕ್ಕೆ ಹೆಂಗಸರು ಸೊಂಟದ ತನಕ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ನೀರಂತೆ. ಕಾಣದ ವರ್ಷಗಳಲ್ಲೂ ತಾನು ಕೈ ಹಿಡಿಸಿಕೊಂಡು ಇಳಿದಿದ್ದೆ, ಕಾಲಿಗೆ ಸುತ್ತಿದ್ದು ಈ ದರಿದ್ರ ಬಳ್ಳಿ ಎಂದು ಈಗ ಗೊತ್ತಾಯಿತು ಅಂದಳು.

ಭಾನುವಾರ

ನೇಪಾಳಕ್ಕೆ ಭಾನುವಾರವೆಂದರೆ ನಮ್ಮ ಸೋಮವಾರ. ಶಾಲೆಯ ಮುಂದೆ ಮತ್ತೆ ಕಂಬಳಿಗಳ ಸಾಲು, ಮತ್ತೆ ಮಂಜು. ಕೂದಲಿಗೆ ಹಚ್ಚಲು ಯಾರ ಹತ್ತಿರವಾದರೂ ಮೆಹಂದಿ ಇದೆಯಾ ಎಂದು ಕೇಳಿ ನಮ್ಮ ಹುಡುಗರಿಂದ ನಗಿಸಿಕೊಂಡೆ.

ಒಂಬತ್ತಕ್ಕೆ ಸಿಮ್ರೌನ್‌ಗಢದ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರಾಲಿಯಲ್ಲಿ ಹುಲ್ಲು ಹಾಸಿ ಹತ್ತು ಹನ್ನೆರಡು ಜನ. ಸರದಿಯಲ್ಲಿ ಮೂರನೆಯವಳು ಮೂಗಿನ ತನಕ ಸೆರಗು ಎಳೆದ ಹೆಂಗಸು. ಬೆಂಚಿನಲ್ಲಿ ಕೂತು, ಮುಖ ಓರೆ ಮಾಡಿ ನನ್ನನ್ನು ನೋಡಿದಳು. ಆಗ ಗುರುತು ಸಿಕ್ಕಿತು. ಸೆರಗು ಸರಿಸಿ ಟಾರ್ಚ್ ಬಿಟ್ಟೆ. ಎಡಗಣ್ಣಿನ ಪಾಪೆ ಹಾಲಿನಂತೆ ಬಿಳಿ, ಪೂರ್ತಿ ಬಲಿತ ಪೊರೆ. ಇಪ್ಪತ್ತೆರಡು ವರ್ಷದಿಂದ ಕಣ್ಣಿನ ಥಿಯೇಟರಿನಲ್ಲಿ ನಿಂತಿದ್ದೇನೆ. ಹಿಂದಿನ ದಿನ ಒಂದು ಗಂಟೆ ಇವಳೆದುರೇ ಕೂತು ಮೊಸರವಲಕ್ಕಿ ತಿಂದು ಬಂದಿದ್ದೆ.

ಕೈ ಎತ್ತಿ ಮೂರು ಬೆರಳು ತೋರಿಸಿದೆ. "ಕೈ ಗೋ?"

ಬಲಗಣ್ಣಿನ ಲೆಕ್ಕ ಸರಿಬಂತು. ಎಡಗಣ್ಣಿಗೆ ಬೆಳಕು ಇದೆ, ಇಲ್ಲ ಅನ್ನುವಷ್ಟೇ ಗೊತ್ತು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದಳು. ಅತ್ತೆಯದು ಆಗಲಿ ಎಂದು ಕಾದಿದ್ದಳಂತೆ, ಇಬ್ಬರೂ ಮಲಗಿದರೆ ಎಮ್ಮೆ ಯಾರು ನೋಡಬೇಕು. ನಿನ್ನೆ ಸಂಜೆ ಅಕ್ಕಿ ಆರಿಸುವಾಗ ಅತ್ತೆ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನೋಡಿದಳಂತೆ. ಬೆಳಿಗ್ಗೆ ಟ್ರ್ಯಾಕ್ಟರಿಗೆ ತಾನೇ ಹತ್ತಿಸಿದಳಂತೆ.

"ಬೇರೇನಾದರೂ ಹೇಳಿ ಕಳಿಸಿದಳಾ?"

ಸೊಸೆ ಸೆರಗಿನೊಳಗೆ ನಕ್ಕಳು. ಮೇಷ್ಟ್ರೇ ಹೇಳಬೇಕಾಯಿತು. "ಆ ಬಬುನೀ ನಮ್ಮೂರಿನ ಕಲ್ಲು ಒಂದೂ ಬಿಡದೆ ನೋಡಿದಳು, ನನ್ನ ಸೊಸೆಯನ್ನು ನೋಡಲಿಲ್ಲ ಅಂತ ಹೇಳು, ಅಂದಳು."

ಚೀಟಿಯಲ್ಲಿ ಎಡಗಣ್ಣು ಎಂದು ಬರೆದು, ಎಡ ಹುಬ್ಬಿನ ಮೇಲೆ ಮಸಿ ಹಚ್ಚಿ, ಬಾಯಿ ಬಿಟ್ಟು ಮೂರನೆಯ ಸಲ ಕೇಳಿ, ಅವಳನ್ನು ಒಳಗೆ ಕರೆದುಕೊಂಡು ಹೋದೆ.